ಯಾರ ಲೆಕ್ಕಕ್ಕೂ ಸೇರದ ನಾಳ

ಕನ್ನಡದ ‘ಬಂಜೆ’ ಎಂಬ ಮಾತಿಗೆ ಗಂಡುಜೋಡಿಯಿಲ್ಲ. ಸಂಸ್ಕೃತದ ‘ವಂಧ್ಯಾ’ ಸವೆದು ತದ್ಭವವಾಗಿ ಬಂದ ಈ ಪದ ಒಂದು ಘಟನೆಯನ್ನು ಹೇಳುವುದಿಲ್ಲ. ಹೆಂಗಸಿನ ಮೈಗೆ ಹುಟ್ಟಿನಿಂದಲೇ ಅಂಟಿಬಂದ ಗುಣವೊಂದನ್ನು ಹೇಳುತ್ತದೆ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯ ಬಂಜೆಯಾದ ಹೆಂಡತಿಯ ಮೇಲೆ ಎಂಟನೇ ವರ್ಷಕ್ಕೆ ಇನ್ನೊಬ್ಬಳನ್ನು ತರಬಹುದು ಎನ್ನುತ್ತದೆ. ಅಲ್ಲಿ ಗಡುವು ಇದೆ, ಕಾರಣ ಹುಡುಕುವ ಗೊಡವೆಯಿಲ್ಲ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಲ್ಲಿ 1946ರ ಕಾಯ್ದೆ ಬರುವವರೆಗೆ, ದೇಶದ ಬಹುಭಾಗದಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯವರೆಗೆ, ಮಕ್ಕಳಿಲ್ಲವೆಂದು ಎರಡನೇ ಮದುವೆಯಾಗಲು ಹಿಂದೂ ಗಂಡಸಿಗೆ ಕಾನೂನಿನ ತಡೆಯಿರಲಿಲ್ಲ. ಸವತಿಯನ್ನು ತಂದ ಮೇಲೂ ತೊಟ್ಟಿಲು ತೂಗದ ಮನೆಗಳು ಊರೂರಲ್ಲಿ ಇದ್ದವು. ದೋಷ ಮೊದಲನೆಯವಳ ಹುಟ್ಟುಗುಣವಲ್ಲ ಎನ್ನುವುದಕ್ಕೆ ಸಾಕ್ಷಿ ಮನೆಯೊಳಗೇ ಕೂತಿತ್ತು, ಆದರೆ ಅದನ್ನು ಯಾರೂ ವಿಚಾರಿಸಲಿಲ್ಲ. ಆ ಸಾಕ್ಷಿಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ, ಅದೂ ಮೈಯ ಒಂದು ಚಿಕ್ಕ ಅಂಗದ ಇತಿಹಾಸದ ಮೂಲಕ: ಡಾಕ್ಟರುಗಳು ‘ಟ್ಯೂಬ್ ಬ್ಲಾಕ್ ಆಗಿದೆ’ ಎನ್ನುವಾಗ ಸೂಚಿಸುವ ಅಂಡನಾಳ.

ಗರ್ಭಕೋಶದ ಎರಡು ಮಗ್ಗುಲಿಂದ ಚಾಚಿರುವ ಈ ನಾಳಗಳು ಒಂದೊಂದೂ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ. ಹೊರತುದಿ ಹೂವಿನಂತೆ ಅರಳಿದ್ದರೆ, ಗರ್ಭಕೋಶವನ್ನು ಸೇರುವ ಕಡೆ ಒಳದಾರಿ ಒಂದು ಮಿಲಿಮೀಟರಿಗೂ ಕಿರಿದು. ಅರಳಿದ ತುದಿ ಅಂಡವನ್ನು ಎತ್ತಿಕೊಳ್ಳುತ್ತದೆ, ನಾಳದ ಅಗಲವಾದ ಭಾಗದಲ್ಲಿ ಅಂಡ ವೀರ್ಯಾಣುಗಳು ಕೂಡುತ್ತವೆ, ಒಳಗೋಡೆಯ ಕೂದಲೆಳೆಯಂಥ ರೋಮಗಳ ಅಲುಗಾಟದಲ್ಲಿ ಭ್ರೂಣ ಕೆಲವು ದಿನ ತೇಲಿ ಗರ್ಭಕೋಶಕ್ಕೆ ಇಳಿಯುತ್ತದೆ. ಸೋಂಕು ತಗುಲಿದರೆ ಮೊದಲು ಸಾಯುವುದು ಈ ರೋಮಗಳು. ಆಮೇಲೆ ಗೋಡೆಗೆ ಗೋಡೆ ಅಂಟಿಕೊಂಡು ದಾರಿ ಮುಚ್ಚುತ್ತದೆ. ಹುಟ್ಟಿನಿಂದಲೇ ಮುಚ್ಚಿದ ನಾಳ ಅಪರೂಪ. ಕೆಲವರಲ್ಲಿ ಎಂಡೋಮೆಟ್ರಿಯೋಸಿಸ್, ಕೆಲವರಲ್ಲಿ ಒಡೆದ ಅಪೆಂಡಿಕ್ಸ್ ಕಾರಣವಿರಬಹುದು. ಆದರೆ ಹೆಚ್ಚಿನ ಪಾಲು ಯಾವುದೋ ಒಂದು ದಿನ ಹೊರಗಿನಿಂದ ಬಂದ ಸೋಂಕಿನದು. ನನ್ನ ವಾದವಿಷ್ಟು: ಆ ಸೋಂಕುಗಳು ಇತಿಹಾಸಕ್ಕೆ ಅಪರಿಚಿತವಾಗಿರಲಿಲ್ಲ. ಸರ್ಕಾರಗಳು ಅವನ್ನು ಎಣಿಸಿದವು, ಅವುಗಳ ಮೇಲೆ ಕಾಯ್ದೆ ಮಾಡಿದವು, ಸಂಸ್ಥೆ ಕಟ್ಟಿದವು. ಎಣಿಸಿದ್ದು ಮಾತ್ರ ಬೇರೆಯವರ ಹೆಸರಿನಲ್ಲಿ. ನಾಳ ಮುಚ್ಚಿಹೋದ ಹೆಂಗಸು ಯಾವ ಪಟ್ಟಿಗೂ ಸೇರಲಿಲ್ಲ. ಈ ಕಥೆಯ ಮುಖ್ಯ ತಿರುವುಗಳಲ್ಲಿ ಕೆಲವು ಬೆಂಗಳೂರಿನಲ್ಲೇ ಸಿಗುತ್ತವೆ ಎಂಬುದು ಕಾಕತಾಳೀಯವೇನಲ್ಲ. ದಂಡು, ಪ್ರಯೋಗಾಲಯ, ಸರ್ಕಾರಿ ಯೋಜನೆ ಮೂರೂ ಬೀಡುಬಿಟ್ಟ ಊರು ಅದು.

ನಾಳ ಕಣ್ಣಿಗೆ ಬಿದ್ದ ಕಥೆಯನ್ನು ಬೇಗ ಹೇಳಿಬಿಡಬಹುದು. ಇಟಲಿಯ ಪಾದುವಾದಲ್ಲಿ ಅಂಗರಚನೆ ಕಲಿಸುತ್ತಿದ್ದ ಗಾಬ್ರಿಯೇಲೆ ಫಾಲೋಪ್ಪಿಯೋ 1561ರಲ್ಲಿ ಅದನ್ನು ವಿವರವಾಗಿ ಬಣ್ಣಿಸಿ, ಅರಳಿದ ತುದಿಯನ್ನು ಕಂಡು ಕಹಳೆಗೆ ಹೋಲಿಸಿದ. ಕಹಳೆಯ ಲ್ಯಾಟಿನ್ ಹೆಸರು ‘ಟ್ಯೂಬಾ’. ಅದು ಇಂಗ್ಲಿಷಿನಲ್ಲಿ ಬರಿಯ ಕೊಳವೆಯಾಗಿ, ಕನ್ನಡಕ್ಕೆ ಬರುವಾಗ ನಾಳವಾಯಿತು. ಕಹಳೆಯೆಂದೇ ಉಳಿದಿದ್ದರೆ ಚೆನ್ನಿತ್ತು. ಅದರ ಕೆಲಸವೇನೆಂದು ಫಾಲೋಪ್ಪಿಯೋಗೆ ಗೊತ್ತಿರಲಿಲ್ಲ. ನೂರಹನ್ನೊಂದು ವರ್ಷದ ಮೇಲೆ, 1672ರಲ್ಲಿ, ಹಾಲೆಂಡಿನ ರೆನಿಯೆ ಡಿ ಗ್ರಾಫ್ ಮೊಲಗಳನ್ನು ಕೊಯ್ದು ನೋಡಿ ಅಂಡ ಈ ದಾರಿಯಲ್ಲೇ ಸಾಗುತ್ತದೆ ಎಂದು ವಾದಿಸಿದ. ನೀರು ತುಂಬಿ ಊದಿದ ನಾಳವನ್ನೂ ವಿವರಿಸಿ, ಮಕ್ಕಳಾಗದಿರುವುದಕ್ಕೂ ಅದಕ್ಕೂ ನಂಟು ಕಲ್ಪಿಸಿದ. ಇದೆಲ್ಲ ಸುಶ್ರುತನಿಗೆ ಮೊದಲೇ ಗೊತ್ತಿತ್ತು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನ ಆರ್ತವವನ್ನು ಹೊರುವ ಎರಡು ಸ್ರೋತಸ್ಸುಗಳನ್ನು ಹೇಳುವುದು ನಿಜ, ಅವಕ್ಕೆ ಗಾಯವಾದರೆ ಬಂಜೆತನ ಬರುತ್ತದೆ ಎನ್ನುವುದೂ ನಿಜ. ಆದರೆ ಅದೇ ಸಾಲು ಮುಟ್ಟು ನಿಂತುಹೋಗುವುದನ್ನೂ ಗಾಯದ ಲಕ್ಷಣವಾಗಿ ಹೇಳುತ್ತದೆ. ಅಂಡನಾಳ ಮುಚ್ಚಿದ ಮಾತ್ರಕ್ಕೆ ಮುಟ್ಟು ತಪ್ಪುವುದಿಲ್ಲ. ಆದ್ದರಿಂದ ಎರಡೂ ಒಂದೇ ಎಂದು ಹಟ ಹಿಡಿಯುವುದು ಸುಶ್ರುತನಿಗೆ ಮಾಡುವ ಉಪಕಾರವಲ್ಲ. ಅಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ: ಶಸ್ತ್ರವೈದ್ಯನ ಆ ಗ್ರಂಥದಲ್ಲಿ ಬಂಜೆತನ ಗಾಯದ ಫಲವಾಗಿಯೂ ಬರಬಲ್ಲದು. ಧರ್ಮಶಾಸ್ತ್ರಕ್ಕೆ ಅಷ್ಟು ತೋಚಿದ್ದರೆ ಎಂಟು ವರ್ಷದ ಗಡುವಿಗೆ ಬೇರೆ ಅರ್ಥವೇ ಬರುತ್ತಿತ್ತು.

ಗಾಯ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಮುಲಾಜಿಲ್ಲದೆ ಎತ್ತಿದವನು ಎಮಿಲ್ ನೋಗೆರಾಟ್. ಜರ್ಮನಿಯ ಬಾನ್ ಊರಿನಿಂದ ನ್ಯೂಯಾರ್ಕಿಗೆ ಹೋಗಿ ನೆಲೆಸಿದ್ದ ಈ ಸ್ತ್ರೀರೋಗ ವೈದ್ಯ 1872ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಮದುವೆಗೆ ಮುಂಚೆ ಗೊನೋರಿಯಾ ಎಂಬ ಲೈಂಗಿಕ ರೋಗ ತಗುಲಿ, ವಾಸಿಯಾಯಿತೆಂದು ತಿಳಿದ ಗಂಡಸಿನಲ್ಲಿ ರೋಗ ಸುಪ್ತವಾಗಿ ಉಳಿದಿರುತ್ತದೆ. ಅದು ಹೆಂಡತಿಗೆ ದಾಟಿ, ಸದ್ದಿಲ್ಲದೆ ಮೇಲೇರಿ ನಾಳವನ್ನು ಕೆಡಿಸುತ್ತದೆ. ಮದುವೆಯವರೆಗೆ ಗಟ್ಟಿಮುಟ್ಟಾಗಿದ್ದ ಹುಡುಗಿ ಆಮೇಲೆ ನರಳತೊಡಗುವುದಕ್ಕೂ ಮಕ್ಕಳಾಗದಿರುವುದಕ್ಕೂ ಕಾರಣ ಇದೇ ಎಂಬುದು ಅವನ ವಾದ. ಸಹೋದ್ಯೋಗಿಗಳು ಅವನನ್ನು ಗೇಲಿ ಮಾಡಿದರು. ರೋಗ ಹರಡಿರುವ ಪ್ರಮಾಣವನ್ನು ಅವನು ಉತ್ಪ್ರೇಕ್ಷಿಸಿದ್ದು ನಿಜವೇ. ಆದರೆ ವಿರೋಧದ ಕಾವು ಲೆಕ್ಕದ ತಪ್ಪಿನಿಂದ ಹುಟ್ಟಿದ್ದೆಂದು ನನಗನಿಸುವುದಿಲ್ಲ. ಮರ್ಯಾದಸ್ಥ ಮನೆಯ ಬಂಜೆತನದ ತನಿಖೆ ಗಂಡನ ಕಡೆಗೆ ತಿರುಗಿದ್ದು ನುಂಗಲಾಗದ ತುತ್ತಾಗಿತ್ತು. ಏಳು ವರ್ಷ ಕಳೆದ ಮೇಲೆ, 1879ರಲ್ಲಿ, ಬ್ರೆಸ್ಲೌನಲ್ಲಿ ಆಲ್ಬರ್ಟ್ ನೈಸರ್ ಗೊನೋರಿಯಾದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಸವತಿಯನ್ನು ತಂದರೂ ತೊಟ್ಟಿಲು ತೂಗದ ಮನೆಗಳ ಒಗಟಿಗೆ ಒಂದು ಉತ್ತರ ಇಲ್ಲಿದೆ: ಅದೇ ಸೋಂಕು ಎರಡನೆಯವಳಿಗೂ ದಾಟುತ್ತದೆ, ಜತೆಗೆ ಗಂಡಸಿನ ವೀರ್ಯದ ಹಾದಿಯನ್ನೂ ಮುಚ್ಚಬಲ್ಲದು.

ಆ ವರ್ಷಗಳಲ್ಲೇ ಬೆಂಗಳೂರಿನ ದಂಡಿನಲ್ಲಿ ಇದೇ ರೋಗದ ಮೇಲೆ ಸರ್ಕಾರದ ಕಣ್ಣು ನೆಟ್ಟಿತ್ತು. 1809ರಲ್ಲಿ ಹುಟ್ಟಿದ ಕಂಟೋನ್ಮೆಂಟಿನಲ್ಲಿ, ಮದ್ರಾಸ್ ಆಡಳಿತದ ಇತರ ಸೇನಾ ಠಾಣ್ಯಗಳಲ್ಲಿದ್ದಂತೆ, ‘ಲಾಕ್ ಹಾಸ್ಪಿಟಲ್’ ಇತ್ತು. 1864ರ ಕಂಟೋನ್ಮೆಂಟ್ ಕಾಯ್ದೆ ಮತ್ತು 1868ರ ಭಾರತೀಯ ಸಾಂಕ್ರಾಮಿಕ ರೋಗಗಳ ಕಾಯ್ದೆಗಳ ಅಡಿ ವೇಶ್ಯೆಯರ ಹೆಸರು ಬರೆದುಕೊಂಡು, ಅವರನ್ನು ಆಗಾಗ ಪರೀಕ್ಷಿಸಿ, ರೋಗ ಕಂಡರೆ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ವರ್ಷವರ್ಷವೂ ವರದಿ ಅಚ್ಚಾಗುತ್ತಿತ್ತು: ಎಷ್ಟು ಹೆಂಗಸರ ನೋಂದಣಿ, ಎಷ್ಟು ಮಂದಿ ಆಸ್ಪತ್ರೆಗೆ, ಎಷ್ಟು ಗೋರಾ ಸೋಲ್ಜರುಗಳು ರೋಗದಿಂದ ಕವಾಯತಿಗೆ ಗೈರುಹಾಜರು. ಕೊನೆಯ ಅಂಕಿಗಾಗಿಯೇ ಮೊದಲಿನೆರಡು. ಹಾಗಿದ್ದರೂ ಆ ಹೆಂಗಸರಿಗೆ ಚಿಕಿತ್ಸೆಯಾದರೂ ಸಿಕ್ಕಿತಲ್ಲ, ನಷ್ಟವೇನು ಎಂದು ಕೇಳಬಹುದು. ಗೊನೋರಿಯಾವನ್ನು ನಿಜಕ್ಕೂ ವಾಸಿಮಾಡುವ ಔಷಧ ಆಗ ಯಾರ ಬಳಿಯೂ ಇರಲಿಲ್ಲ. ಸಲ್ಫಾ ಬಂದದ್ದು 1930ರ ದಶಕದಲ್ಲಿ, ಪೆನಿಸಿಲಿನ್ ಇನ್ನೂ ಆಮೇಲೆ. ಹೊರಗಣ್ಣಿಗೆ ಕಾಣುವ ಕೀವು ನಿಂತರೆ ಬಿಡುಗಡೆ. ಒಳಗಿನ ನಾಳ ಅಷ್ಟರಲ್ಲಿ ಏನಾಗಿತ್ತೆಂಬುದು ಪರೀಕ್ಷೆಯ ವ್ಯಾಪ್ತಿಯಲ್ಲೇ ಇರಲಿಲ್ಲ. ಸೈನಿಕನನ್ನಾಗಲಿ, ಪೇಟೆಯಿಂದ ಬಂದುಹೋಗುವ ಗಿರಾಕಿಯನ್ನಾಗಲಿ ಕಾಯ್ದೆ ಕೂಡಿಹಾಕಲಿಲ್ಲ. ಆ ಗಿರಾಕಿಯ ಮನೆಯಲ್ಲಿದ್ದ ಹೆಂಡತಿಯಂತೂ ಚಿತ್ರದಲ್ಲೇ ಇಲ್ಲ. ಬ್ರಿಟನ್ನಿನಲ್ಲಿ ಜೋಸೆಫೀನ್ ಬಟ್ಲರ್ ಮತ್ತಿತರರ ದೀರ್ಘ ಹೋರಾಟದಿಂದ 1886ರಲ್ಲಿ ಅಲ್ಲಿನ ಇಂಥದೇ ಕಾಯ್ದೆ ರದ್ದಾಯಿತು. 1888ರಲ್ಲಿ ಇಲ್ಲಿನದೂ ಹೋಯಿತು. ರೋಗ ಉಳಿಯಿತು.

ಬದುಕಿರುವ ಹೆಂಗಸಿನ ನಾಳ ತೆರೆದಿದೆಯೋ ಮುಚ್ಚಿದೆಯೋ ಎಂದು ಹೊಟ್ಟೆ ಕೊಯ್ಯದೆ ತಿಳಿಯುವ ಉಪಾಯ 1919ರವರೆಗೆ ಇರಲಿಲ್ಲವೆಂದೇ ಹೇಳಬೇಕು. ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಇಸಿಡೋರ್ ರೂಬಿನ್ ಗರ್ಭಕೋಶದ ಬಾಯಿಯ ಮೂಲಕ ಆಮ್ಲಜನಕವನ್ನು ಮೆಲ್ಲಗೆ ಒಳಗೂಡಿಸಿದ. ಬೇಗ ಕರಗುತ್ತದೆಂದು ಆಮೇಲೆ ಇಂಗಾಲದ ಡೈಆಕ್ಸೈಡನ್ನು ಬಳಸತೊಡಗಿದ. ನಾಳ ತೆರೆದಿದ್ದರೆ ಅನಿಲ ಹೊಟ್ಟೆಯೊಳಕ್ಕೆ ಸೋರಿ ಒತ್ತಡಮಾಪಕದ ಪಾದರಸ ಇಳಿಯುತ್ತದೆ. ಮುಚ್ಚಿದ್ದರೆ ಏರುತ್ತಲೇ ಹೋಗುತ್ತದೆ. ಇನ್ನೊಂದು ಗುರುತು ಹೆಂಗಸಿನ ಬಾಯಿಂದಲೇ ಬರುತ್ತಿತ್ತು. ಪರೀಕ್ಷೆ ಮುಗಿದು ಎದ್ದು ಕೂತಾಗ ಅನಿಲ ಮೇಲೇರಿ ವಪೆಯನ್ನು ಕೆರಳಿಸಿ ಹೆಗಲು ನೋಯುತ್ತದೆ. ಹೆಗಲು ನೋವೆಂದರೆ ನಾಳ ತೆರೆದಿದೆ ಎಂದರ್ಥ! ವೈದ್ಯಚರಿತ್ರೆಯಲ್ಲಿ ನೋವು ಶುಭಶಕುನವಾದ ಪ್ರಸಂಗಗಳು ಹೆಚ್ಚಿರಲಾರವು. ಇದರ ಬೆನ್ನಿಗೆ ಎಕ್ಸ್‌ರೇ ಚಿತ್ರ ಬಂತು. ಪ್ಯಾರಿಸಿನಲ್ಲಿ ಮಾರ್ಸೆಲ್ ಗೆರ್ಬೆ 1901ರಲ್ಲಿ ಗಸಗಸೆ ಎಣ್ಣೆಗೆ ಅಯೋಡಿನ್ ಬೆರೆಸಿ ತಯಾರಿಸಿದ್ದ ಲಿಪಿಯೋಡಾಲ್ ಎಂಬ ದ್ರವವನ್ನು 1920ರ ದಶಕದಲ್ಲಿ ಗರ್ಭಕೋಶಕ್ಕೆ ಹಾಯಿಸಿ ನಾಳದ ನೆರಳು ತೆಗೆದರು. ಇಂದಿಗೂ ಮಕ್ಕಳಾಗದ ದಂಪತಿಗೆ ಬರೆದುಕೊಡುವ ‘ಎಚ್‌ಎಸ್‌ಜಿ’ ಅದರದೇ ಸಂತತಿ. ಎಣ್ಣೆ ಹಾಯಿಸಿದ ಮೇಲೆ ಕೆಲವರು ತಾವಾಗಿಯೇ ಬಸಿರಾಗುತ್ತಾರೆಂಬ ವೈದ್ಯರ ಹಳೆಯ ನಂಬಿಕೆಯನ್ನು ನೆದರ್‌ಲ್ಯಾಂಡ್ಸಿನಲ್ಲಿ 1119 ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಬೆಂಬಲಿಸಿತು. ಆರು ತಿಂಗಳೊಳಗೆ ಬಸಿರು ನಿಂತವರು ಎಣ್ಣೆ ಬಳಸಿದವರಲ್ಲಿ ನೂರಕ್ಕೆ ಸುಮಾರು 40, ನೀರಿನ ದ್ರವ ಬಳಸಿದವರಲ್ಲಿ 29. ಅವರೆಲ್ಲ ನಾಳ ಪೂರ್ತಿ ಕೆಟ್ಟವರಲ್ಲ ಎನ್ನುವುದನ್ನು ಮರೆಯಬಾರದು; ಗಸಗಸೆ ಎಣ್ಣೆ ಅಂಟಿಹೋದ ಗೋಡೆಯನ್ನು ಬಿಡಿಸುವುದಿಲ್ಲ.

ನೆರಳುಚಿತ್ರಗಳು ಭಾರತದಲ್ಲಿ ತೋರಿಸಿದ ಕಥೆ ಯುರೋಪಿನದಕ್ಕಿಂತ ಬೇರೆಯಾಗಿತ್ತು. ಇಲ್ಲಿ ನಾಳವನ್ನು ಕೆಡಿಸುವ ದೊಡ್ಡ ಕಾರಣಗಳಲ್ಲಿ ಒಂದು ಕ್ಷಯ. ಇಟಲಿಯ ಮೊರ್ಗಾಗ್ನಿ 1744ರಲ್ಲೇ ಒಬ್ಬ ಯುವತಿಯ ಶವಪರೀಕ್ಷೆಯಲ್ಲಿ ಜನನಾಂಗಗಳ ಕ್ಷಯವನ್ನು ಗುರುತಿಸಿದ್ದ. ಶ್ವಾಸಕೋಶದಲ್ಲಿ ಬೀಡುಬಿಟ್ಟ ರೋಗಾಣು ರಕ್ತದ ಮೂಲಕ ಇಳಿದು ಬರುತ್ತದೆ. ಜನನಾಂಗದ ಕ್ಷಯವಿರುವ ಹೆಂಗಸರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿಯ ಅಂಡನಾಳಗಳಿಗೆ ಅದು ತಟ್ಟಿರುತ್ತದೆ. ಅಷ್ಟರಲ್ಲಿ ಎದೆಯ ರೋಗ ತಾನಾಗಿ ಅಡಗಿರಬಹುದು. ಕೆಮ್ಮಿಲ್ಲ, ಕಫವಿಲ್ಲ, ಎಷ್ಟೋ ಸಲ ಜ್ವರವೂ ಇಲ್ಲ. ಮುಟ್ಟು ಕಡಿಮೆಯಾದೀತು, ಕಿಬ್ಬೊಟ್ಟೆ ಮಂದವಾಗಿ ನೊಂದೀತು. ಅನೇಕರಿಗೆ ಮಕ್ಕಳಾಗದಿರುವುದೊಂದೇ ದೂರು. ಹದಿನೈದರಲ್ಲಿ ತಗುಲಿದ ರೋಗ ಇಪ್ಪತ್ತೈದರಲ್ಲಿ ಬಂಜೆತನವಾಗಿ ಹೊರಬಿದ್ದಾಗ, ನಡುವಿನ ಹತ್ತು ವರ್ಷದ ಸುಳಿವು ಹಿಡಿಯುವವರು ಯಾರು? ನಾಗರಕಲ್ಲಿಗೆ ಹಾಲೆರೆದು ಅಶ್ವತ್ಥಕಟ್ಟೆ ಸುತ್ತಿದವಳದು ಮೌಢ್ಯವೆಂದು ಆಡಿಕೊಳ್ಳುವುದು ಸುಲಭ. ಅವಳ ಕಣ್ಣೆದುರು ಬೇರೆ ವಿವರಣೆಯನ್ನು ಯಾರೂ ಇಟ್ಟಿರಲಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಕ್ಷೇತ್ರಕಾರ್ಯ ನಡೆದದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡದ್ದು ಆ ಅನುಭವದಿಂದ. ಆ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ 1963ರಲ್ಲಿ ಪ್ರಕಟಿಸಿದ ತುಮಕೂರು ಅಧ್ಯಯನ ಜಗತ್ತಿನ ಕ್ಷಯ ಚಿಂತನೆಯನ್ನೇ ತಿರುಗಿಸಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬ ಅಧಿಕಾರಿಗಳ ನಂಬಿಕೆಯನ್ನು ಅದು ಕೆಡವಿತು: ಶ್ವಾಸಕೋಶದ ಕ್ಷಯವಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ತಮ್ಮ ಲಕ್ಷಣಗಳಿಗಾಗಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧ. ಹುಡುಕಿಕೊಂಡು ಹೋಗಬೇಕಿಲ್ಲ, ದೂರು ಹೇಳಿಕೊಂಡು ಬಂದವರನ್ನು ಸರಿಯಾಗಿ ವಿಚಾರಿಸಿದರೆ ಸಾಕು ಎಂಬುದು ಅದರ ಪಾಠ. ಎಂಥ ಮಾನವೀಯ ಪಾಠ! ಆದರೆ ವಿಚಾರಿಸಿದ್ದು ಕೆಮ್ಮನ್ನು. ಕಫದ ಪರೀಕ್ಷೆ ಕಾರ್ಯಕ್ರಮದ ಬೆನ್ನೆಲುಬಾಯಿತು. ಕೆಮ್ಮದ ಕ್ಷಯಗಳೆಲ್ಲ ಶ್ವಾಸಕೋಶದ ಹೊರಗಿನವು ಎಂಬ ಒಂದೇ ಚೀಲಕ್ಕೆ ಬಿದ್ದವು. ಕತ್ತಿನ ಗಂಟು, ಬೆನ್ನುಮೂಳೆ, ಕರುಳು, ಅಂಡನಾಳ ಎಲ್ಲಕ್ಕೂ ಅದೇ ಚೀಲ.

ಇದಕ್ಕೆ ಬಲವಾದ ಉತ್ತರವೊಂದಿದೆ, ಅದನ್ನು ತಳ್ಳಿಹಾಕಲಾರೆ. ಕೆಮ್ಮುವವನು ಊರಿಗೆಲ್ಲ ರೋಗ ಹಂಚುತ್ತಾನೆ, ನಾಳದ ಕ್ಷಯ ಹಾಗೆ ಹರಡುವುದಿಲ್ಲ. ಹಣವೂ ಪ್ರಯೋಗಾಲಯಗಳೂ ಕಡಿಮೆಯಿದ್ದ ದೇಶ ಮೊದಲು ಹರಡುವವನನ್ನು ಹಿಡಿದದ್ದು ಸರಿಯಾದ ತೀರ್ಮಾನ. ಅದರಿಂದ ನಾಳಕ್ಕೆ ಇಳಿಯಬಹುದಾಗಿದ್ದ ಸೋಂಕೂ ಎಷ್ಟೋ ತಪ್ಪಿರಬೇಕು. ನನ್ನ ತಕರಾರು ಆದ್ಯತೆಯ ಬಗ್ಗೆ ಅಲ್ಲ. ದಂಡಿನ ಲೆಕ್ಕದಲ್ಲಿ ಸೈನಿಕನ ಗೈರುಹಾಜರಿ ಅಳತೆಗೋಲಾದಂತೆ, ಇಲ್ಲಿ ಕಫ ಅಳತೆಗೋಲಾಯಿತು. ಯಾವುದಕ್ಕೆ ಅಳತೆಗೋಲು ಸಿಗಲಿಲ್ಲವೋ ಅದು ರೋಗವಾಗದೆ ಹೆಂಗಸಿನ ಗುಣವಾಗಿಯೇ ಉಳಿಯಿತು. ‘ಮಕ್ಕಳಾಗಿಲ್ಲ’ ಎಂಬುದೂ ಆಸ್ಪತ್ರೆಯ ಮೆಟ್ಟಿಲಲ್ಲಿ ಹೇಳಬಹುದಾದ ಒಂದು ದೂರೇ. ತುಮಕೂರಿನ ಪಾಠ ಅದಕ್ಕೂ ಸಲ್ಲುತ್ತಿತ್ತು.

ಹಾಗೆಂದು ಸರ್ಕಾರಕ್ಕೆ ಅಂಡನಾಳದ ಪರಿಚಯವೇ ಇರಲಿಲ್ಲ ಎನ್ನುವಂತಿಲ್ಲ, ಚೆನ್ನಾಗಿಯೇ ಇತ್ತು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಮಂಜೂರು ಮಾಡಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. 1952ರಲ್ಲಿ ದೇಶದ ಕುಟುಂಬ ಯೋಜನೆ ಆರಂಭವಾಯಿತು. ತುರ್ತುಪರಿಸ್ಥಿತಿಯಲ್ಲಿ ಗಂಡಸರ ಮೇಲೆ ನಡೆದ ಬಲವಂತದ ಶಸ್ತ್ರಚಿಕಿತ್ಸೆಗಳ ನಂತರ ಆ ಯೋಜನೆಯ ಭಾರವೆಲ್ಲ ಹೆಂಗಸರ ನಾಳದ ಮೇಲೆ ಬಿತ್ತು. ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ವಿವಾಹಿತೆಯರಲ್ಲಿ ಇಂದು ಅರ್ಧಕ್ಕಿಂತ ಹೆಚ್ಚು ಮಂದಿ ನಾಳ ಕಟ್ಟುವ ಟ್ಯೂಬೆಕ್ಟಮಿ ಮಾಡಿಸಿಕೊಂಡವರು. ನಮ್ಮ ಹಳ್ಳಿಗಳಲ್ಲಿ ಬರೀ ‘ಆಪರೇಷನ್’ ಎಂದರೆ ಸಾಕು, ಯಾವುದೆಂದು ಕೇಳಬೇಕಿಲ್ಲ. ಕಟ್ಟಿದ ನಾಳಕ್ಕೆ ಗುರಿ, ಶಿಬಿರ, ಪ್ರೋತ್ಸಾಹಧನ, ತಿಂಗಳ ಲೆಕ್ಕ ಎಲ್ಲ ಇತ್ತು. ತಾನಾಗಿ ಮುಚ್ಚಿದ ನಾಳಕ್ಕೆ ಇಲ್ಲ. ಜನ ಹೆಚ್ಚಿದ ದೇಶದಲ್ಲಿ ಮಕ್ಕಳಾಗದಿರುವುದೂ ಒಂದು ಸಮಸ್ಯೆಯೇ ಎಂಬ ಪ್ರಶ್ನೆಯನ್ನು ಈಗಲೂ ಕೇಳುತ್ತೇವೆ. ಹೆತ್ತವಳ ನಾಳವನ್ನು ಕಟ್ಟಿ, ಹೆರದವಳ ನಾಳವನ್ನು ಮರೆತರೆ ಜನಸಂಖ್ಯೆಯ ಸಮಸ್ಯೆ ಎಷ್ಟು ಬಗೆಹರಿಯುತ್ತದೋ ಕಾಣೆ. ಎರಡೂ ಕಡೆ ಹೊರೆ ಹೊತ್ತವಳು ಹೆಂಗಸೇ.

ನಾಳ ಮುಚ್ಚುವುದು ಮೈಯ ಹುಟ್ಟುಗುಣವಲ್ಲ, ಸೋಂಕಿನ ಭೂಗೋಳ ಎನ್ನುವುದಕ್ಕೆ ಎರಡು ಸಾಕ್ಷ್ಯಗಳು ಸಾಕು. ಹುಟ್ಟುಗುಣವಾಗಿದ್ದರೆ ಅದರ ಪಾಲು ಎಲ್ಲೆಡೆ ಒಂದೇ ಇರಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 1980ರ ಸುಮಾರಿಗೆ ಹಲವು ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ನಾಳ ಮುಚ್ಚಿದವರ ಪಾಲು ಬೇರೆಡೆಗಿಂತ ತುಂಬ ಹೆಚ್ಚಿತ್ತು. ಇನ್ನೊಂದು ಸಾಕ್ಷ್ಯ ಸ್ವೀಡನ್ನಿನ ಲುಂಡ್ ಊರಿನದು. ಅಲ್ಲಿ ಲಾರ್ಸ್ ವೆಸ್ಟ್ರೋಮ್ ಮತ್ತು ಸಂಗಡಿಗರು ನಾಳದ ಉರಿಯೂತವಾದ ಹೆಂಗಸರನ್ನು 1960ರಿಂದ 1984ರವರೆಗೆ ಹಿಂಬಾಲಿಸಿ 1992ರಲ್ಲಿ ಫಲಿತಾಂಶ ಕೊಟ್ಟರು. ನಾಳ ಕೆಟ್ಟು ಮಕ್ಕಳಾಗದವರು ಒಂದು ಸಲ ಉರಿಯೂತವಾದವರಲ್ಲಿ ನೂರಕ್ಕೆ 8, ಎರಡು ಸಲವಾದವರಲ್ಲಿ ಸುಮಾರು 20, ಮೂರು ಅಥವಾ ಹೆಚ್ಚು ಸಲವಾದವರಲ್ಲಿ 40. ಗಾಯದ ಮೇಲೆ ಗಾಯ ಬಿದ್ದಂತೆ ನಾಳ ಮುಚ್ಚುತ್ತ ಹೋದದ್ದು ಈ ಅಂಕಿಗಳಲ್ಲಿ ಕಾಣುತ್ತದೆ. ಅದೇ ಊರಿನ ವೈದ್ಯರು 1977ರಲ್ಲಿ ಉರಿಯೂತವಾದ ನಾಳಗಳಿಂದಲೇ ಕ್ಲಮೀಡಿಯಾ ಎಂಬ ಇನ್ನೊಂದು ರೋಗಾಣುವನ್ನು ಬೇರ್ಪಡಿಸಿದ್ದರು. ಗೊನೋರಿಯಾಕ್ಕಿಂತಲೂ ಮೌನಿ ಅದು. ನೋಗೆರಾಟ್ ಹೇಳಿದ ‘ಸುಪ್ತ’ ಎಂಬ ಮಾತು ಅದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಇಷ್ಟೆಲ್ಲ ಹಳೆಯ ಕಥೆ, ಈಗ ಐವಿಎಫ್ ಇದೆಯಲ್ಲ ಎನ್ನುವವರಿದ್ದಾರೆ. ಐವಿಎಫ್ ಹುಟ್ಟಿದ್ದೇ ಕೆಟ್ಟ ನಾಳವನ್ನು ಬಿಟ್ಟು ಬಳಸುದಾರಿಯಲ್ಲಿ ಹೋಗಲು. ಇಂಗ್ಲೆಂಡಿನ ಓಲ್ಡಮ್‌ನಲ್ಲಿ ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೊ, ಜೀನ್ ಪರ್ಡಿ ಅವರ ಶ್ರಮದಿಂದ 1978ರ ಜುಲೈ 25ರಂದು ಹುಟ್ಟಿದ ಲೂಯಿಸ್ ಬ್ರೌನಳ ತಾಯಿಗೆ ಎರಡೂ ನಾಳ ಮುಚ್ಚಿದ್ದವು. ಅದಕ್ಕೆ ಕೆಲವು ವರ್ಷ ಮುಂಚೆ ಅದೇ ತಂಡಕ್ಕೆ ದಕ್ಕಿದ ಮೊದಲ ಬಸಿರು ನಾಳದ ಮೋಟಿನಲ್ಲೇ ನಿಂತು ವ್ಯರ್ಥವಾಗಿತ್ತು. ಬೇಡವೆಂದರೂ ನಾಳ ಬಿಟ್ಟಿರಲಿಲ್ಲ. ಲೂಯಿಸ್ ಹುಟ್ಟಿ ಎರಡು ತಿಂಗಳು ಚಿಲ್ಲರೆ ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಸುಭಾಷ್ ಮುಖರ್ಜಿ ಅವರ ಪ್ರಯೋಗದಿಂದ ಒಂದು ಹೆಣ್ಣುಮಗು ಹುಟ್ಟಿತು. ಅಲ್ಲಿಯೂ ತಾಯಿಯ ನಾಳಗಳು ಕೆಟ್ಟಿದ್ದವು. ಪಶ್ಚಿಮ ಬಂಗಾಳ ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರ ಜೂನಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಜತೆ ದುಡಿದು ದೇಶದ ‘ಮೊದಲ’ ಪ್ರಣಾಳ ಶಿಶುವಿನ ಕೀರ್ತಿ ಪಡೆದಿದ್ದ ಟಿ. ಸಿ. ಆನಂದ ಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಮುಖರ್ಜಿ ಅವರ ಟಿಪ್ಪಣಿಗಳನ್ನು ಓದಿ, ಆ ಕೀರ್ತಿ ತಮ್ಮದಲ್ಲ ಅವರದು ಎಂದು 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿನ ಮೇಲೆ ತಾನೇ ಗೆರೆ ಎಳೆದುಕೊಳ್ಳುವ ಇಂಥ ಪ್ರಾಮಾಣಿಕತೆ ವಿಜ್ಞಾನದಲ್ಲಿ ದಿನವೂ ಕಾಣಸಿಗುವಂಥದಲ್ಲ.

ಆದರೆ ಬಳಸುದಾರಿ ಸಿಕ್ಕಿದ ಮೇಲೆ ಹಳೆಯ ದಾರಿ ಏಕೆ ಕುಸಿಯಿತೆಂದು ಕೇಳುವವರು ಇಲ್ಲವಾದರು. ಬಳಸುದಾರಿಗೂ ನಾಳ ಅಡ್ಡಬರುತ್ತದೆ: ಡಿ ಗ್ರಾಫ್ ಕಂಡಿದ್ದ ಆ ನೀರು ತುಂಬಿದ ನಾಳವಿದ್ದರೆ ಐವಿಎಫ್ ಫಲಿಸುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಮೊದಲು ನಾಳವನ್ನೇ ತೆಗೆಯಬೇಕಾಗಬಹುದು. ಕ್ಷಯ ಗರ್ಭಕೋಶದ ಒಳಪದರವನ್ನೂ ತಿಂದಿದ್ದರೆ ಪ್ರಯೋಗಾಲಯದ ಭ್ರೂಣಕ್ಕೆ ಕೂರಲು ಜಾಗವೇ ಇರುವುದಿಲ್ಲ. ಅಷ್ಟು ದೂರ ಹೋಗಲು ಲಕ್ಷಗಟ್ಟಲೆ ಹಣ ಬೇಕೆಂಬುದು ಬೇರೆ ಮಾತು. ಸೋಂಕು ಹಸಿಯಿರುವಾಗ ಸಾಕಾಗುತ್ತಿದ್ದದ್ದು ಕೆಲವು ದಿನದ, ಕ್ಷಯವಾದರೆ ಕೆಲವು ತಿಂಗಳ, ಮಾತ್ರೆ. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆ ಒಂದು ರಾಷ್ಟ್ರೀಯ ನೋಂದಣಿಯನ್ನು ಏರ್ಪಡಿಸಿದೆ. ದೇಶದ ಕ್ಲಿನಿಕ್ಕುಗಳು ಯಾವ ಸೇವೆ ಕೊಟ್ಟವು, ಅದರ ಫಲವೇನಾಯಿತು ಎಂಬ ವಿವರ ಅಲ್ಲಿ ಕೂಡಿಬೀಳಬೇಕು. ಸೇವೆ ಕೇಳಿಕೊಂಡು ಬಂದವಳ ನಾಳವನ್ನು ಮುಚ್ಚಿದ್ದು ಹಳೆಯ ಕ್ಷಯವೋ, ಗಂಡನಿಂದ ಬಂದ ಸೋಂಕೋ, ಮೊದಲ ಹೆರಿಗೆಯ ನಂಜೋ ಎಂಬುದು ಆ ಕಾಯ್ದೆ ಹೆಸರಿಟ್ಟು ಕೇಳುವ ವಿವರಗಳಲ್ಲಿಲ್ಲ. ‘ಇತರ ಸಂಬಂಧಿತ ಮಾಹಿತಿ’ ಎಂಬ ಮಾತಿನೊಳಗೆ ಅದಕ್ಕೊಂದು ಜಾಗ ಮಾಡಿಕೊಳ್ಳಬಹುದು.